ಮುಂದೆ ಹೋಗಿ ಕ್ಯೂನಲ್ಲಿ ನಿಂತವಳು

ಮಾರ್ಚ್ ೪, ಮಂಗಳವಾರ

ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಬೆಳಿಗ್ಗೆ ಬಟ್ಟೆ ಒಗೆಯಲು ಕೊಡಲು ನಮ್ಮ ಡ್ರೈಕ್ಲೀನಿಂಗ್ ಅಂಗಡಿಗೆ ಬಂದಿದ್ದರು. ಕೋಟಿನ ತೋಳಿಗೆ ಐಸ್‌ಕ್ರೀಮಿನ ಕಲೆ. ಸಂಸಾರ ಸಮೇತ ಪಾರ್ಕಿಗೆ ಹೋಗಿ ಬಂದರಂತೆ. ಪ್ರತಿ ವರ್ಷ ಮಕ್ಕಳ ರಜೆಯಲ್ಲಿ ನಮ್ಮ ಮನೆಯವರೆಲ್ಲ ಹೋಗುತ್ತಿದ್ದ ಅದೇ ದೊಡ್ಡ ಆಟದ ಪಾರ್ಕು.

"ಹೇಗಿತ್ತು ಸಾರ್?" ಅಂದೆ.

"ಬೋರ್ ಕಣ್ರೀ. ಎಕ್ಸ್‌ಪ್ರೆಸ್ ಟಿಕೆಟ್ ತಗೊಂಡಿದ್ವಿ. ಎಲ್ಲೂ ಕಾಯೋ ಹಾಗಿಲ್ಲ, ಸೀದಾ ಒಳಗೆ. ಊಟದ ಹೊತ್ತಿಗೆ ಎಲ್ಲಾ ಆಟ ಮುಗೀತು. ಆಮೇಲೆ ಮಕ್ಕಳು ಫೋನ್ ಹಿಡ್ಕೊಂಡು ಕೂತ್ರು, ನಾನೂ ಹೆಂಡ್ತೀನೂ ಜಗಳ ಆಡಿದ್ವಿ. ಅದೂ ಹಳೇ ಜಗಳವೇ. ನಿಮ್ಮ ಮನೆಯವರು ಅದರಲ್ಲಿ ಅಂಥಾದ್ದೇನು ಕಂಡಿದ್ರೋ! ಹೋಗಿ ಬಂದು ತಿಂಗಳುಗಟ್ಟಲೆ ಅದೇ ಮಾತು ಆಡ್ತಿದ್ರಲ್ಲ ಅವರು, ಈ ಕೌಂಟರಲ್ಲಿ ನಿಂತು..."

ಅಷ್ಟಕ್ಕೇ ನಿಲ್ಲಿಸಿ ಡಾಕ್ಟರು ತಮ್ಮ ಬೂಟು ನೋಡಿಕೊಂಡರು. ಇವಳು, ನನ್ನ ಹೆಂಡತಿ, ತೀರಿಹೋಗಿ ಇನ್ನೂ ಎರಡು ತಿಂಗಳಾಗಿಲ್ಲ, ಅದು ಅವರಿಗೆ ತಟ್ಟನೆ ನೆನಪಾಗಿರಬೇಕು. ನಾನು ಚೀಟಿ ಹರಿದು ಕೊಟ್ಟೆ. "ಶುಕ್ರವಾರ ಬನ್ನಿ" ಅಂದೆ.

ಅವರು ಹೋದ ಮೇಲೆ ಅದೇ ಪ್ರಶ್ನೆ ತಲೆ ತಿನ್ನುತ್ತಿದೆ. ಒಂದೇ ಪಾರ್ಕು, ಅದೇ ಆಟ, ಅದೇ ಐಸ್‌ಕ್ರೀಮು. ಒಂದು ಮನೆಯವರಿಗೆ ಅದು ಮಾಯಾಲೋಕ, ಇನ್ನೊಂದು ಮನೆಯವರಿಗೆ ಆಕಳಿಕೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಪದೇ ಪದೇ ಅನ್ನುತ್ತಿದ್ದರು, ಎವ್ವೆರಿ ಎಫೆಕ್ಟ್ ಹ್ಯಾಸ್ ಎ ಕಾಸ್. ಅಥವಾ ಎವ್ವೆರಿ ಕಾಸ್ ಹ್ಯಾಸ್ ಆ್ಯನ್ ಎಫೆಕ್ಟ್. ಯಾವುದೋ ಒಂದು. ಇದಕ್ಕೆ ಕಾಸ್, ಅಂದರೆ ಕಾರಣ, ಏನು ಅಂತ ನನ್ನನ್ನು ಕೇಳಿದರೆ ಏನು ಹೇಳಲಿ? ಮಗಳು ಚಿಕ್ಕವಳಿದ್ದಾಗಿನಿಂದ ಹೋಗುತ್ತಿದ್ದೇವೆ, ಆದರೆ ನಾನು ಒಂದು ಆಟಕ್ಕೂ ಹತ್ತಿದವನಲ್ಲ. ಗೇಟು ದಾಟಿದ್ದೇ ತಡ ಇವಳು ಚೀಲಗಳನ್ನೆಲ್ಲ ನನ್ನ ಕೈಗೆ ತುರುಕಿ ಓಡುತ್ತಿದ್ದಳು. ನೋ ಸೂನರ್ ಗೇಟು ದಾಟಿದಳು ದ್ಯಾನ್ ಓಡಿದಳು. ಎಲ್ಲರಿಗಿಂತ ಮುಂದೆ ಹೋಗಿ ಕ್ಯೂನಲ್ಲಿ ಜಾಗ ಹಿಡಿದು, ತಲೆಯ ಮೇಲೆ ಕೈ ಎತ್ತಿ ಆಡಿಸುತ್ತಿದ್ದಳು. ಮಿಕ್ಕವರು ಅವಳ ಹಿಂದೆ. ನಾನು ಬೆಂಚಿನ ಮೇಲೆ, ಪೇಪರಿನ ಪದಬಂಧ ತುಂಬಿಸಿಕೊಂಡು. ಚೀಲ ಕಾಯಲು ಒಬ್ಬ ಬೇಕಲ್ಲ.

ಅಂಗಡಿಯಲ್ಲೂ ಅದೇ ವ್ಯವಸ್ಥೆ. ಮುಂದೆ ಕೌಂಟರಿನಲ್ಲಿ ಅವಳು, ಹಿಂದೆ ಉಗಿಯ ಇಸ್ತ್ರಿ ಮೆಷಿನ್ನಿನ ಹತ್ತಿರ ನಾನು. ಮೆಷಿನ್ ಬುಸ್ ಅನ್ನುವಾಗ ಕೌಂಟರಿನ ಮಾತು ಕೇಳಿಸುವುದಿಲ್ಲ, ನಗು ಮಾತ್ರ ಕೇಳಿಸುತ್ತದೆ. ಈಗ ಎರಡೂ ಕಡೆ ನಾನೇ. ಮೆಷಿನ್ ಆರಿಸಿ ಮುಂದೆ ಓಡಿ, ಗಿರಾಕಿ ಹೋದ ಮೇಲೆ ಹಿಂದೆ ಓಡಿ, ಬಾಲ ಸುಟ್ಟ ಬೆಕ್ಕಿನ ಹಾಗಾಗಿದ್ದೇನೆ.

ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಬಟ್ಟೆ ನೇತು ಹಾಕುವ ತಿರುಗುವ ಕಂಬಿಯ ಸ್ವಿಚ್ಚು ಒತ್ತಿ ಒಂದು ಸುತ್ತು ಓಡಿಸಿ ನೋಡುವುದು ರೂಢಿ. ಕವರು ಹಾಕಿದ ಬಟ್ಟೆಗಳೆಲ್ಲ ಮೆರವಣಿಗೆಯ ಹಾಗೆ ಸುತ್ತಿ ಬರುತ್ತವೆ. ನಡುವೆ ಇವಳ ಹಸಿರು ಸ್ವೆಟರೂ ಬರುತ್ತದೆ. ಆಸ್ಪತ್ರೆಯವರು ಕೊಟ್ಟ ಗಂಟಿನಲ್ಲಿತ್ತು. ಒಗೆದು, ಉಗಿ ಹಾಕಿ, ಚೀಟಿ ಚುಚ್ಚಿ ನೇತು ಹಾಕಿದ್ದೇನೆ. ಕೈಗೆ ಬಂದ ಬಟ್ಟೆಗೆ ಮಾಡಬೇಕಾದ್ದು ಅದೇ ತಾನೆ.

ಮಾರ್ಚ್ ೭, ಶುಕ್ರವಾರ

ಗೋಚಿ ಶಾಲೆ ಬಿಟ್ಟ ಮೇಲೆ ಅಂಗಡಿಗೆ ಬಂದಳು. ಗೋಚಿ ಅಂದರೆ ಬಾಲಂಗೋಚಿ. ಮೊಮ್ಮಗಳಿಗೆ ಆ ಹೆಸರಿಟ್ಟವಳು ಇವಳೇ, ನಡೆಯಲು ಕಲಿತಾಗಿನಿಂದ ಅಜ್ಜಿಯ ಹಿಂದೆಯೇ ಸುತ್ತುತ್ತಿದ್ದಳು ಅಂತ. ಇನ್ನೂ ಆರು ತುಂಬಿಲ್ಲ. ಕೌಂಟರಿನ ಹಿಂದಿನ ಎತ್ತರದ ಸ್ಟೂಲು ಹತ್ತಿ ಕೂತು, ಆಚೆ ಈಚೆ ನೋಡಿ, ನನ್ನ ಕಿವಿಗೆ ಬಾಯಿಟ್ಟು ಕೇಳಿದಳು.

"ತಾತ, ಇನ್ನೂ ಎಷ್ಟು ದಿನ?"

"ಏನು?"

"ಅದೇ... ಅಜ್ಜಿ ನಿಂತಿರೋದು!"

ಇದನ್ನು ಬರೆದಿಡಬೇಕು. ಯಾರಿಗೂ ಹೇಳಲಾರೆ, ಡೈರಿಗಾದರೂ ಹೇಳಬೇಕು.

ಜನವರಿಯಲ್ಲಿ ಇವಳು ಆಸ್ಪತ್ರೆಗೆ ಹೋದಾಗ ಕೈಯಲ್ಲಿದ್ದದ್ದು ಕೆಂಪು ಚೀಲ. ಅದು ಪ್ರತಿ ವರ್ಷ ಪಾರ್ಕಿಗೆ ಒಯ್ಯುತ್ತಿದ್ದ ಚೀಲ. ಬೇರೆ ಚೀಲ ಹುಡುಕಲು ಹೊತ್ತಿರಲಿಲ್ಲ. ಗೋಚಿ ಬಾಗಿಲಲ್ಲಿ ನಿಂತು ನೋಡಿದ್ದಳು. ಆಮೇಲೆ ಅವಳನ್ನು ಅಳಿಯನ ಅಕ್ಕನ ಮನೆಗೆ ಕಳಿಸಿದೆವು. ಎಲ್ಲ ಮುಗಿದ ಮೇಲೆ ಕರೆದುಕೊಂಡು ಬಂದಾಗ ಮಗಳು ಬಚ್ಚಲಿನ ಬಾಗಿಲು ಹಾಕಿಕೊಂಡು ಒಳಗಿಂದಲೇ ಹೇಳಿದಳು, "ಅಪ್ಪ, ನನ್ನ ಕೈಲಾಗಲ್ಲ. ನೀವೇ ಹೇಳಿ ಅವಳಿಗೆ."

ನಾನು ಮಗುವನ್ನು ಕಿಟಕಿಯ ಹತ್ತಿರ ಕೂರಿಸಿಕೊಂಡೆ. ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಕೇಳಿದಳು, "ಅಜ್ಜಿ ಕೆಂಪು ಚೀಲ ತಗೊಂಡು ಹೋದಳಲ್ಲ, ಪಾರ್ಕಿಗೆ ಹೋಗಿದಾಳಾ?"

ಹೂಂ ಅಂದುಬಿಟ್ಟೆ. ನಾಲಿಗೆ ತಾನಾಗಿಯೇ ಹೊರಳಿತು. ಈ ಸಲ ಭಾರೀ ಉದ್ದ ಕ್ಯೂ ಇದೆ, ಅದಕ್ಕೇ ಮುಂಚೆಯೇ ಹೋಗಿ ನಿಂತಿದ್ದಾಳೆ ಅಂದೆ. ಅಮ್ಮನಿಗೆ ಹೇಳಬೇಡ, ಅಮ್ಮನಿಗೆ ಸರ್‌ಪ್ರೈಸ್ ಅಂತಲೂ ಅಂದೆ. ಯಾಕೆ ಅಂದೆನೋ. ಅವಳ ಮುಖ ಹೇಗೆ ಅರಳಿತು ಅಂದರೆ, ಅದನ್ನು ಕೆಡಿಸಲು ಕೈ ಬರಲಿಲ್ಲ.

ಮಗಳು ಹೊರಗೆ ಬಂದು "ಹೇಳಿದ್ರಾ?" ಅಂದಳು. ಹೇಳಿದೆ ಅಂದೆ. "ಅತ್ತಳಾ?" ಇಲ್ಲ ಅಂದೆ. "ಮಕ್ಕಳಿಗೆ ನಮಗಿಂತ ಧೈರ್ಯ" ಅಂತ ಅವಳು ನನ್ನ ಭುಜಕ್ಕೆ ಒರಗಿ ಅತ್ತಳು. ಅವಳ ಬೆನ್ನ ಹಿಂದಿನಿಂದ ಗೋಚಿ ನನ್ನ ಕಡೆ ನೋಡಿ ಕಣ್ಣು ಹೊಡೆದಳು. ಒಂದು ಕಣ್ಣು ಹೊಡೆಯಲು ಇನ್ನೂ ಬರುವುದಿಲ್ಲ, ಎರಡೂ ಮುಚ್ಚುತ್ತಾಳೆ.

ಅಂದಿನಿಂದ ಹೀಗೇ. ಅಮ್ಮ ಅತ್ತಾಗಲೆಲ್ಲ ನನ್ನ ಕಡೆ ನೋಡಿ ಎರಡೂ ಕಣ್ಣು ಮುಚ್ಚಿ ತೆಗೆಯುತ್ತಾಳೆ. ಪಾಪ ಅಮ್ಮ, ಗೊತ್ತಿಲ್ಲ ಅನ್ನುವ ಹಾಗೆ.

ಇಂಗ್ಲಿಷಿನಲ್ಲಿ ಒಂದು ಟೆನ್ಸ್ ಇದೆ. ಹಿಂದೆ ಯಾವಾಗಲೋ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ. ಶಿ ಹ್ಯಾಸ್ ಬೀನ್ ವೇಟಿಂಗ್. ಪರೀಕ್ಷೆಯಲ್ಲಿ ಅದೊಂದನ್ನು ಯಾವಾಗಲೂ ತಪ್ಪು ಬರೆಯುತ್ತಿದ್ದೆ.

ಮಾರ್ಚ್ ೧೫, ಶನಿವಾರ

ಮಗಳ ಮನೆಯಲ್ಲಿ ಊಟ. ಪಾರ್ಕಿನ ಮಾತು ಬಂತು. ಇವಳು ಡಿಸೆಂಬರಿನಲ್ಲೇ ಬುಕ್ ಮಾಡಿಟ್ಟಿದ್ದಳಂತೆ, ಏಪ್ರಿಲ್ ಹತ್ತೊಂಬತ್ತಕ್ಕೆ. ಪಾರ್ಕಿನವರಿಂದ ಮಗಳಿಗೆ ಮೆಸೇಜು ಬಂದಿದೆ.

"ಬೇಡ" ಅಂದೆ.

"ಅಮ್ಮ ಮಾಡಿಟ್ಟಿದ್ದು ಅಪ್ಪ. ಹೋಗೋಣ. ಅವಳಿಲ್ಲದೆ ಬೇಜಾರಾದ್ರೆ ಇದೇ ಕೊನೆ, ಮುಂದಿನ ವರ್ಷದಿಂದ ಅದರ ಹೆಸರೇ ಎತ್ತೋದು ಬೇಡ."

"ಬೇಜಾರೇ ಆಗೋದು" ಅಂದ ಅಳಿಯ, ತಟ್ಟೆಯಿಂದ ತಲೆ ಎತ್ತದೆ. ಅವನು ಡ್ರೈವಿಂಗ್ ಕಲಿಸುವವನು. ದಿನವಿಡೀ ಕಲಿಯುವವರ ಪಕ್ಕದಲ್ಲಿ ಕೂತು ಕೂತು, ಊಟಕ್ಕೆ ಕೂತಾಗಲೂ ಗಾಬರಿಯ ಮಾತು ಬಂದರೆ ಬಲಗಾಲು ನೆಲಕ್ಕೆ ಒತ್ತುತ್ತಾನೆ, ಬ್ರೇಕು ಇದ್ದ ಹಾಗೆ. ಈಗಲೂ ಒತ್ತಿದ.

ಗೋಚಿ ಮಾತ್ರ ಕುರ್ಚಿಯ ಮೇಲೆ ಎದ್ದು ನಿಂತು ಕುಣಿದಳು. "ಹೋಗೋಣ ಹೋಗೋಣ!" ಮಗಳು ನನ್ನ ಕಡೆ ನೋಡಿದ ರೀತಿ, ನೋಡಿದ್ರಾ ಅಪ್ಪ, ಮಗುವಿಗೋಸ್ಕರವಾದರೂ ಅನ್ನುವ ಹಾಗೆ. ನಾನು ನೀರು ಕುಡಿದೆ.

ಹತ್ತೊಂಬತ್ತರ ಒಳಗೆ ಹೇಳಲೇಬೇಕು. ನಾನೇ.

ಮಾರ್ಚ್ ೨೮, ಶುಕ್ರವಾರ

ಹೇಳಲು ಇವತ್ತು ಗಟ್ಟಿ ಮನಸ್ಸು ಮಾಡಿದ್ದೆ. ಮೆಷಿನ್ ಆರಿಸಿದೆ. ಬಾಗಿಲಿಗೆ 'ಹತ್ತು ನಿಮಿಷದಲ್ಲಿ ಬರುತ್ತೇವೆ' ಬೋರ್ಡು ಹಾಕಿದೆ. ಗೋಚಿಯನ್ನು ಸ್ಟೂಲಿನ ಮೇಲೆ ಕೂರಿಸಿ ಎದುರಿಗೆ ನಿಂತೆ.

ಅವಳು ಬಾಯಿ ತೆರೆದು ತೋರಿಸಿದಳು. ಮುಂದಿನ ಕೆಳಗಿನ ಹಲ್ಲು ಬಿದ್ದಿದೆ. ಮೊದಲನೆಯದು. ಜೇಬಿನಿಂದ ಬೆಂಕಿಪೊಟ್ಟಣ ತೆಗೆದಳು, ಒಳಗೆ ಹತ್ತಿಯ ಮೇಲೆ ಅಕ್ಕಿಕಾಳಿನಷ್ಟು ಹಲ್ಲು.

"ಅಜ್ಜಿಗೆ ತೋರಿಸೋಕೆ" ಅಂದಳು. "ಪಾರ್ಕಲ್ಲಿ."

ಬೋರ್ಡು ತೆಗೆದು ಮೆಷಿನ್ ಹಾಕಿದೆ.

ಸಂಜೆ ಒಬ್ಬಳು ಹೆಂಗಸು ಮದುವೆಗೆ ಹಾಕುವಂಥ ನೀಲಿ ಡ್ರೆಸ್ ತಂದಳು. ಜೇಬು ನೋಡಿ ಖಾಲಿ ಮಾಡದೆ ಬಟ್ಟೆ ಒಳಗೆ ತಗೋಬಾರದು, ಎತ್ತಿಡಬಾರದು ಅನ್ನುವುದು ಇವಳ ರೂಲು. ನೋಡಿದೆ. ಏನೂ ಇರಲಿಲ್ಲ. ಆದರೆ ಎಡಗಡೆ ಸೊಂಟದ ಹತ್ತಿರ ಬಟ್ಟೆ ಸವೆದಿತ್ತು. ಅಲ್ಲಿ ಮಗುವನ್ನು ಎತ್ತಿಕೊಂಡಿದ್ದಾಳೆ, ಒಂದು ಮದುವೆಯಲ್ಲಲ್ಲ, ಬಹಳ ಮದುವೆಗಳಲ್ಲಿ. "ಮಗ ಈಗ ದೊಡ್ಡವನಾದನಾ?" ಅಂತ ಬಾಯಿ ತಪ್ಪಿ ಕೇಳಿದೆ. ಅವಳು ಬೆಚ್ಚಿ ನಕ್ಕಳು. "ಮಗಳು. ಈಗ ಅವಳದೇ ಮದುವೆ." ಇಬ್ಬರೂ ಆ ಸವೆದ ಜಾಗ ನೋಡಿದೆವು.

ಅವಳು ಹೋಗುವಾಗ ಕಂಬಿಯ ಕಡೆ ಕೈ ತೋರಿಸಿ, "ಆ ಹಸಿರು ಸ್ವೆಟರ್ ಚೆನ್ನಾಗಿದೆ, ಯಾರೂ ತಗೊಂಡು ಹೋಗದ ಬಟ್ಟೆ ನೀವು ಕೊಟ್ಟುಬಿಡ್ತೀರಂತಲ್ಲ?" ಅಂದಳು.

"ಅದಕ್ಕೆ ಬರ್ತಾರೆ" ಅಂದೆ.

ಏಪ್ರಿಲ್ ೬, ಭಾನುವಾರ

ಹಲ್ಲಿನ ಡಾಕ್ಟರ ಪ್ರಶ್ನೆ ಬಿಡುತ್ತಿಲ್ಲ. ಇವತ್ತು ಮಗಳು ನನ್ನ ಅಡುಗೆಮನೆ ತೊಳೆಯಲು ಬಂದಿದ್ದಳು, ನಾನು ತೊಳೆದದ್ದು ಅವಳಿಗೆ ತೊಳೆದ ಹಾಗಲ್ಲ. ಅವಳನ್ನೇ ಕೇಳಿದೆ. "ಆ ಪಾರ್ಕಲ್ಲಿ ಅಂಥಾದ್ದೇನಿತ್ತು? ಯಾವ ಆಟ ಅಷ್ಟು ಚೆನ್ನಾಗಿತ್ತು?"

ಅವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸಿದಳು. "ಆಟಾನಾ? ಆಟ ಎರಡು ನಿಮಿಷ ಅಪ್ಪ. ಮಜಾ ಇದ್ದಿದ್ದು ಕ್ಯೂನಲ್ಲಿ."

"ಕ್ಯೂನಲ್ಲಿ ಏನು ಮಜಾ?"

"ನಿಮಗೆ ಗೊತ್ತಿಲ್ವಾ?" ಅಂದಳು. ಆಮೇಲೆ ತಾನೇ, "ಹೌದು, ನಿಮಗೆ ಹೇಗೆ ಗೊತ್ತಿರತ್ತೆ" ಅಂದಳು. ಬೈದ ಹಾಗಿರಲಿಲ್ಲ. ಬೈದಿದ್ದರೂ ಆಗುತ್ತಿತ್ತು.

ಹೇಳಿದಳು. ಇವಳು ಕ್ಯೂನಲ್ಲಿ ಮುಂದೆ ನಿಂತವರ ಬಟ್ಟೆ ನೋಡಿ ಕಥೆ ಕಟ್ಟುತ್ತಿದ್ದಳಂತೆ. ಆ ಉದ್ದನೆಯವನು ಆಟಕ್ಕೆ ಬಂದಿಲ್ಲ, ಅತ್ತೆಯ ಪಕ್ಕ ಕೂರೋದು ತಪ್ಪಿಸಿಕೊಳ್ಳೋಕೆ ಬಂದಿದಾನೆ, ನೋಡು, ಅಂಗಿಯ ಗುಂಡಿ ಒಂದು ಮನೆ ತಪ್ಪಿದೆ, ಅಷ್ಟು ಅವಸರದಲ್ಲಿ ಹೊರಟಿದಾನೆ. ಹಿಂದಿನ ಗುಲಾಬಿ ಟೋಪಿಯವಳಿಗೆ ಅದು ಗೊತ್ತು. ಮುಂದಿನ ಕ್ಯೂನಲ್ಲಿ ಅದೇ ಉದ್ದನೆಯವನು ಮತ್ತೆ ಸಿಕ್ಕರೆ ಕಥೆ ಮುಂದುವರೆಯುವುದು. ಸಿಗದಿದ್ದರೆ ಅತ್ತೆಯ ಕೈಗೆ ಸಿಕ್ಕಿಬಿದ್ದ ಅಂತ ಅರ್ಥ. ಸಂಜೆಯ ಹೊತ್ತಿಗೆ ಅರ್ಧ ಪಾರ್ಕು ಇವರಿಗೆ ನೆಂಟರು.

"ದೊಡ್ಡ ಚಕ್ರದಲ್ಲಿ ಸುತ್ತೋವಾಗ ಬೇಗ ಇಳಿಸ್ಲಪ್ಪಾ ಅನ್ನಿಸ್ತಿತ್ತು, ಅಮ್ಮ ಕಥೇನ ಅರ್ಧಕ್ಕೆ ನಿಲ್ಲಿಸಿರ್ತಿದ್ಲು. ಒಂದೊಂದು ಸಲ ನಮ್ಮ ಸರದಿ ಬಂದುಬಿಡೋದು, ಕಥೆ ಮುಗಿದಿರ್ತಿರಲಿಲ್ಲ. ಆಗ ಅಮ್ಮ ಹಿಂದಿನವರಿಗೆ ದಾರಿ ಬಿಟ್ಟು 'ನೀವು ಮುಂದೆ ಹೋಗಿ, ನೀವು ಮುಂದೆ ಹೋಗಿ' ಅನ್ನೋಳು. ಜನ ನಮ್ಮನ್ನ ಹುಚ್ಚರು ಅಂದ್ಕೊಳ್ತಿದ್ರು."

ಅಷ್ಟು ಹೊತ್ತು ಯಾಕೆ ಆಗುತ್ತಿತ್ತು ಅಂತ ಈಗ ತಿಳಿಯಿತು. ಪಾರ್ಕಿನವರ ಮ್ಯಾನೇಜ್‌ಮೆಂಟ್ ಸರಿಯಿಲ್ಲ ಅಂದುಕೊಂಡಿದ್ದೆ. ಒಂದು ವರ್ಷ ಕಂಪ್ಲೇಂಟ್ ಪೆಟ್ಟಿಗೆಗೆ ಬರೆದೂ ಹಾಕಿದ್ದೆ, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ಅಂತ.

"ಈಗ ನೀನೇ ಹೇಳು ಹಾಗೆ, ಗೋಚಿಗೆ" ಅಂದೆ.

"ಹೇಳೋಕೆ ಪ್ರಯತ್ನ ಮಾಡಿ ನೋಡಿದೆ ಅಪ್ಪ, ಬಸ್‌ಸ್ಟಾಪಲ್ಲಿ. ನನಗೆ ಬಟ್ಟೆ ಬರೀ ಬಟ್ಟೆಯಾಗೇ ಕಾಣತ್ತೆ." ನಲ್ಲಿ ಜೋರಾಗಿ ಬಿಟ್ಟಳು.

ಏಪ್ರಿಲ್ ೧೨, ಶನಿವಾರ

ಹೇಳಲಿಲ್ಲ.

ಏಪ್ರಿಲ್ ೧೭, ಗುರುವಾರ

ಇವತ್ತು ಹೇಳಿಯೇ ಬಿಡೋಣ ಅಂತ ಶಾಲೆಯಿಂದ ಬರುವ ದಾರಿಯಲ್ಲಿ ಶುರು ಮಾಡಿದೆ. "ಗೋಚಿ, ಒಂದು ವೇಳೆ ಅಜ್ಜಿ ಪಾರ್ಕಲ್ಲಿ ಸಿಗದೇ ಹೋದ್ರೆ..."

"ಸಿಗ್ತಾಳೆ. ಕೈ ಎತ್ತಿ ಆಡಿಸ್ತಾಳಲ್ಲ, ದೂರದಿಂದ್ಲೇ ಕಾಣತ್ತೆ."

"ಅಲ್ಲ, ಬಹಳ ದಿನ ಆಯ್ತಲ್ಲ..."

"ಅದಕ್ಕೇ ತಾತ, ಈಗ ಎಲ್ಲರಿಗಿಂತ ಮುಂದೆ ಇರ್ತಾಳೆ!" ಅಂದು ನಿಂತಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಕನಿಕರ ಬಂದವಳ ಹಾಗೆ ಹೇಳಿದಳು. "ನೀನು ಬೆಂಚಲ್ಲೇ ಕೂರಬೇಕು ಆಯ್ತಾ? ದೋಣೀಲಿ ನಾಲ್ಕೇ ಸೀಟು. ಅಜ್ಜಿ, ನಾನು, ಅಮ್ಮ, ಅಪ್ಪ."

ಆಯ್ತು ಅಂದೆ.

ಮಗಳಿಗೆ ಮೊದಲು ಹೇಳಿಬಿಡಲೇ ಅಂತ ಫೋನು ಎತ್ತಿಕೊಂಡೆ. ಅವಳು ಅಂಗಡಿಯಲ್ಲಿ ಟೋಪಿ ಕೊಳ್ಳುತ್ತಿದ್ದಳು. "ಎಷ್ಟು ದಿನ ಆದ್ಮೇಲೆ ಗೋಚಿ ಇಷ್ಟು ಖುಷಿಯಾಗಿದಾಳೆ ಅಪ್ಪ" ಅಂದಳು. ಬಿಸಿಲಿಗೆ ಟೋಪಿ ಬೇಕೇ ಬೇಕು ಅಂದು ಫೋನು ಇಟ್ಟೆ.

ಏಪ್ರಿಲ್ ೨೦, ಭಾನುವಾರ

ಅಂಗಡಿಗೆ ರಜ. ನಿನ್ನೆಯದು ಬರೆಯುತ್ತೇನೆ. ಉದ್ದವಾಗುತ್ತದೆ, ಆಗಲಿ.

ಕೆಂಪು ಚೀಲವನ್ನು ಇಸ್ತ್ರಿ ಮೆಷಿನ್ನಿನ ಕೆಳಗೆ ಮುಚ್ಚಿಟ್ಟಿದ್ದೇನೆ. ಹಾಗಾಗಿ ನೀಲಿ ಚೀಲ ತೆಗೆದುಕೊಂಡು ಹೋದೆವು. ಕಾರಿನಲ್ಲಿ ಗೋಚಿ ನನ್ನ ಕಿವಿಯಲ್ಲಿ, "ಕೆಂಪುದು ಅಜ್ಜಿ ಹತ್ರ ಇದೆಯಲ್ಲ" ಅಂದಳು. ಬೆಂಕಿಪೊಟ್ಟಣವನ್ನು ಮುಷ್ಟಿಯಲ್ಲೇ ಹಿಡಿದಿದ್ದಳು.

ಗೇಟು ದಾಟಿದೆವು. ಯಾರೂ ಓಡಲಿಲ್ಲ. ಮೂವರೂ ಸುಮ್ಮನೆ ನಿಂತರು, ಯಾವ ಕಡೆ ಹೋಗಬೇಕು ಅನ್ನುವುದು ಆ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲದ ಹಾಗೆ. ಕೊನೆಗೆ ಅಳಿಯ "ಚಕ್ರ?" ಅಂದ. ಚೀಲ ನನ್ನ ಕೈಗೆ ಬಂತು. ಹೋಗಿ ನನ್ನ ಬೆಂಚಿನಲ್ಲಿ ಕೂತೆ. ಹೊಸದಾಗಿ ಬಣ್ಣ ಬಳಿದಿದ್ದಾರೆ.

ಬೆಂಚಿನಿಂದ ಕ್ಯೂ ಪೂರ್ತಿ ಕಾಣುತ್ತದೆ. ಯಾವಾಗಲೂ ಕಾಣುತ್ತಿದ್ದಿರಬೇಕು, ನಾನು ಪದಬಂಧ ನೋಡುತ್ತಿದ್ದೆ. ಅಳಿಯ ಫೋನು ನೋಡುತ್ತಿದ್ದ. ಮಗಳು ಅವನ ಮೇಲೆ ರೇಗಿದಳು, ಅವನ ಬಲಗಾಲು ನೆಲ ಒತ್ತಿತು. ಗೋಚಿ ಕಂಬಿ ಹಿಡಿದು ತುದಿಗಾಲಲ್ಲಿ ನಿಂತು ಕ್ಯೂನ ತಲೆಯ ಕಡೆ ಕತ್ತು ಚಾಚಿ ನೋಡುತ್ತಿದ್ದಳು. ನೋಡಿ, ನನ್ನ ಕಡೆ ತಿರುಗಿ, ತಲೆ ಅಲ್ಲಾಡಿಸಿ ಸನ್ನೆ ಮಾಡಿದಳು. ಇಲ್ಲಿಲ್ಲ.

ಚಕ್ರ ಆಯಿತು, ಕುದುರೆ ಆಯಿತು, ಕತ್ತಲೆ ಗುಹೆ ಆಯಿತು. ಪ್ರತಿ ಕ್ಯೂನಲ್ಲೂ ತುದಿಗಾಲು, ಪ್ರತಿ ಕ್ಯೂನಿಂದಲೂ ನನಗೆ ಸನ್ನೆ. ಇಲ್ಲೂ ಇಲ್ಲ ತಾತ. ಗುಹೆಯಿಂದ ಹೊರಬಂದಾಗ ಮುಖ ಸಣ್ಣದಾಗಿತ್ತು. ಆದರೂ ನನ್ನ ಹತ್ತಿರ ಬಂದು, ನನಗೇ ಧೈರ್ಯ ಹೇಳುವವಳ ಹಾಗೆ, "ದೋಣಿ ಹತ್ರ ಇರ್ತಾಳೆ ಬಿಡು, ಅಜ್ಜಿಗೆ ದೋಣೀನೇ ಇಷ್ಟ" ಅಂದಳು.

"ಬೋರು" ಅಂದ ಅಳಿಯ, ಯಾರಿಗೂ ಅಲ್ಲ. "ಇದೊಂದು ಮುಗಿಸಿ ಮನೆಗೆ ಹೋಗೋಣ" ಅಂದಳು ಮಗಳು.

ಎತ್ತರಕ್ಕೆ ಹತ್ತಿ ನೀರಿಗೆ ಜಾರುವ ದೋಣಿಯ ಕ್ಯೂ ಎಲ್ಲಕ್ಕಿಂತ ಉದ್ದ, ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುತ್ತದೆ. ಮೂವರೂ ಬಾಲದಲ್ಲಿ ಹೋಗಿ ನಿಂತರು. ಗೋಚಿ ಪಕ್ಕದ ಬೇಲಿಯ ಕೆಳಗಿನ ಅಡ್ಡಕಂಬಿ ಹತ್ತಿ ನಿಂತಳು. ತಲೆಯ ಮೇಲೆ ಕೈ ಎತ್ತಿ ಆಡಿಸತೊಡಗಿದಳು. ಅಷ್ಟೊಂದು ಜನರ ಬೆನ್ನುಗಳ ಕಡೆಗೆ. ಕೈ ನೋಯುತ್ತಿದ್ದಿರಬೇಕು, ಬದಲಾಯಿಸಿ ಇನ್ನೊಂದು ಕೈ ಎತ್ತಿದಳು.

ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಕ್ಯೂನಲ್ಲಿ ನಿಂತವರನ್ನು ಎಕ್ಸ್‌ಕ್ಯೂಸ್ ಮಿ, ಎಕ್ಸ್‌ಕ್ಯೂಸ್ ಮಿ ಅಂತ ಸರಿಸಿಕೊಂಡು, ಚೀಲವನ್ನು ಎದೆಗೆ ಅವಚಿಕೊಂಡು ಹೋದೆ.

"ತಾತ, ನಿನಗೆ ಸೀಟಿಲ್ಲ ಅಂದಿದ್ನಲ್ಲ" ಅಂದಳು.

ಮಂಡಿ ಊರಿ ಕೂತೆ. ನೆಲ ಒದ್ದೆ ಇತ್ತು. "ಗೋಚಿ, ಕೈ ಇಳಿಸು ಕಂದ. ಅಜ್ಜಿ ಇಲ್ಲಿಲ್ಲ. ಯಾವ ಕ್ಯೂನಲ್ಲೂ ಇಲ್ಲ. ನಾನು ನಿನಗೆ ಸುಳ್ಳು ಹೇಳಿದೆ. ಅಜ್ಜಿ ಕೆಂಪು ಚೀಲ ತಗೊಂಡು ಹೋಗಿದ್ದು ಆಸ್ಪತ್ರೆಗೆ. ಅಲ್ಲೇ ಸತ್ತುಹೋದಳು."

ಅವಳು ಎರಡೂ ಕಣ್ಣು ಮುಚ್ಚಿ ತೆಗೆದಳು. ಅಮ್ಮನ ಎದುರಿಗೆ ಹಾಗೆ ಹೇಳುತ್ತಿದ್ದೇನೆ, ಸರ್‌ಪ್ರೈಸ್ ಉಳಿಸಲು, ಅಂದುಕೊಂಡಳು. ನಾನು ವಾಪಸು ಕಣ್ಣು ಮುಚ್ಚಲಿಲ್ಲ. ನೋಡಿದಳು. ಇನ್ನೊಂದು ಸಲ ಮುಚ್ಚಿ ತೆಗೆದಳು. ಆಮೇಲೆ ಮುಖದಲ್ಲಿ ಏನೋ ನಿಂತುಹೋಯಿತು.

"ಹೇಳಿದೀನಿ ಅಂದಿದ್ರಲ್ಲ ಅಪ್ಪ" ಅಂದಳು ಮಗಳು, ಹಿಂದಿನಿಂದ.

ಗೋಚಿ ಎರಡೂ ಮುಷ್ಟಿಯಿಂದ ನನ್ನ ಎದೆಗೆ ಹೊಡೆದಳು. ಒಂದು ಮುಷ್ಟಿಯಲ್ಲಿ ಬೆಂಕಿಪೊಟ್ಟಣ ಇತ್ತು, ಅದು ಜಾಸ್ತಿ ನೋಯಿತು. "ಮತ್ತೆ ನಾನು ಹಲ್ಲು ಯಾರಿಗೆ ತೋರಿಸ್ಲಿ" ಅಂತ ಕಿರುಚಿದಳು. ಆಮೇಲೆ ಬರೀ ಅಳು. ಮಗಳು ನನ್ನನ್ನು ಬೈಯುತ್ತಾಳೆ ಅಂದುಕೊಂಡೆ. ಅವಳು ಅಲ್ಲೇ ಕೂತು ಮಗುವನ್ನು ಹಿಡಿದುಕೊಂಡು ತಾನೂ ಜೋರಾಗಿ ಅತ್ತಳು, ಬಚ್ಚಲಿನ ಬಾಗಿಲು ಇಲ್ಲದೆ. ಗೋಚಿ ಅಮ್ಮ ಅಳುವುದನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಮೂರು ತಿಂಗಳಿಂದ ನೋಡುತ್ತಿದ್ದಳು, ಪಾಪ, ಆದರೆ ಅದು ಬೇರೆ.

ಕ್ಯೂ ಸರಿಯಿತು. ಹಿಂದಿನಿಂದ ಯಾರೋ "ಸ್ವಾಮಿ, ನಡೀರಿ" ಅಂದರು. ಅಳಿಯ ಕಂಬಿಗೆ ಒರಗಿ ದಾರಿ ಬಿಟ್ಟ. "ನೀವು ಮುಂದೆ ಹೋಗಿ" ಅಂದ. ಮತ್ತೆ ಹಿಂದೆ ಬಂದವರಿಗೂ, "ನೀವು ಮುಂದೆ ಹೋಗಿ." ಅವನ ಕಣ್ಣಿಂದ ನೀರು ಸುರಿಯುತ್ತಿತ್ತು, ಕೈ ಮಾತ್ರ ಟ್ರಾಫಿಕ್ ಬಿಡುವವನ ಹಾಗೆ ನೆಟ್ಟಗೆ ದಾರಿ ತೋರಿಸುತ್ತಿತ್ತು. "ನೀವು ಮುಂದೆ ಹೋಗಿ. ನೀವೂ ಹೋಗಿ."

ಎಷ್ಟೋ ಸಂಸಾರಗಳು ನಮ್ಮನ್ನು ದಾಟಿ ಹೋದವು.

ಅಳು ಬಿಕ್ಕಳಿಕೆಯಾಯಿತು. ಗೋಚಿ ಅಮ್ಮನ ತೊಡೆಯ ಮೇಲಿಂದ ಹೋಗುವವರ ಕಾಲುಗಳನ್ನು ನೋಡುತ್ತಿದ್ದಳು. ಬಹಳ ಹೊತ್ತಾದ ಮೇಲೆ, ನನ್ನ ಕಡೆ ತಿರುಗದೆ, "ಆ ಹಳದಿ ಟೋಪಿ ಯಾರು?" ಅಂದಳು.

ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಹಳದಿ ಟೋಪಿಯ ಮನುಷ್ಯನನ್ನು ನೋಡಿದೆ. "ಆತ... ಆತನ ಅಂಗಿ ಅವನದಲ್ಲ. ತೋಳು ಉದ್ದ, ಎರಡು ಮಡಿಕೆ ಮಡಿಸಿದಾನೆ. ಅಣ್ಣನದು."

"ಅಣ್ಣ ಎಲ್ಲಿ?"

"ಅಣ್ಣ ಮನೇಲಿ, ಅಂಗಿ ಹುಡುಕ್ತಾ ಇದಾನೆ."

"ಅಜ್ಜಿ ಹೀಗೆ ಹೇಳ್ತಿರಲಿಲ್ಲ" ಅಂದಳು. "ಅಜ್ಜಿ ದನಿ ಬದಲಾಯಿಸ್ತಿದ್ಲು."

"ನನಗೆ ಬರಲ್ಲ."

"ಗೊತ್ತು" ಅಂದಳು. ಸ್ವಲ್ಪ ಬಿಟ್ಟು, "ಆಮೇಲೆ?" ಅಂದಳು.

ಆಮೇಲೆ ಏನೇನು ಹೇಳಿದೆನೋ. ಅಣ್ಣ ಬನಿಯನ್ನಿನಲ್ಲೇ ಬಸ್ಸು ಹತ್ತಿದ ಅಂದೆ. ಕಂಡಕ್ಟರು ಬನಿಯನ್ನಿಗೆ ಟಿಕೆಟ್ ಇಲ್ಲ ಅಂದ ಅಂತ ಅಳಿಯ ಸೇರಿಸಿದ, ಮೂಗು ಒರೆಸಿಕೊಳ್ಳುತ್ತಾ. ಗೋಚಿ ನಗಲಿಲ್ಲ. ಆದರೆ ಕೇಳಿದಳು. ಕ್ಯೂ ಸರಿದ ಹಾಗೆ ನಾವೂ ಸರಿದೆವು. ಬಿಸಿಲು ಇಳಿದಿತ್ತು.

ತಲೆ ತಲುಪಿದಾಗ ದೋಣಿಯವನು ನಮ್ಮ ಕಡೆ ನೋಡದೆ ಕೇಳಿದ, "ಎಷ್ಟು ಜನ?"

ನಾನು ಪಕ್ಕಕ್ಕೆ ಸರಿದು ಚೀಲ ತೊಡೆಗೆ ಒತ್ತಿಕೊಂಡು ನಿಂತೆ. ದೋಣಿ ತೂಗಾಡುತ್ತಾ ಬಂದು ಎದುರಿಗೆ ನಿಂತಿತು. ಮುಂದೆ ಎರಡು ಸೀಟು, ಹಿಂದೆ ಎರಡು. ಅವನು ಮತ್ತೆ ಕೇಳಿದ, "ಎಷ್ಟು ಜನ ಸಾರ್?"

ಗೋಚಿ ದೋಣಿಯನ್ನು ನೋಡಿದಳು. ಅಮ್ಮನನ್ನು, ಅಪ್ಪನನ್ನು ನೋಡಿದಳು. ನನ್ನನ್ನು ನೋಡಲಿಲ್ಲ. ಕೈ ಮಾತ್ರ ಹಿಂದಕ್ಕೆ ಚಾಚಿ ನನ್ನ ಬೆರಳು ಹುಡುಕಿ ಹಿಡಿದಳು.

"ನಾಲ್ಕು" ಅಂದಳು.

ದೋಣಿ ಮೇಲೆ ಹತ್ತುವಾಗ ನನ್ನ ಎದೆ ಹೊಡೆದುಕೊಳ್ಳುವುದು ಅವಳಿಗೂ ಕೇಳಿಸಿರಬೇಕು. "ಹೆದರಿಕೆ ಆದ್ರೆ ಕಣ್ಣು ಮುಚ್ಕೋ" ಅಂದಳು. "ಅಜ್ಜಿನೂ ಮುಚ್ಕೊಳ್ತಿದ್ಲು. ಪ್ರತಿ ಸಲ. ನನ್ನ ಕೈ ಹಿಂಗೇ ಹಿಂಡೋಳು."

ಕಣ್ಣು ಮುಚ್ಚಿದೆ. ಆಮೇಲೆ ಬಿದ್ದೆವು. ನಾಲ್ವರೂ ತೊಯ್ದು ತೊಪ್ಪೆಯಾದೆವು. ಅಳಿಯ ಬ್ರೇಕು ಒತ್ತಿ ಒತ್ತಿ ಬೂಟಿನ ಅಟ್ಟೆ ಕಿತ್ತುಕೊಂಡಿದ್ದ. ಮನೆಗೆ ಬರುವಾಗ ಕಾರಿನಲ್ಲಿ ಮಗಳು ಮಾತಾಡಲಿಲ್ಲ, ಇನ್ನೂ ಸ್ವಲ್ಪ ದಿನ ಆಡುವುದಿಲ್ಲ ಅನ್ನಿಸುತ್ತದೆ. ಇಳಿಯುವಾಗ ಮಾತ್ರ ಟವೆಲು ನನ್ನ ತಲೆಯ ಮೇಲೆ ಹಾಕಿ, ಮಗುವಿಗೆ ಒರೆಸುವ ಹಾಗೆ ಗಸಗಸ ಒರೆಸಿದಳು.

ಏಪ್ರಿಲ್ ೨೧, ಸೋಮವಾರ

ನೆಗಡಿ. ಡಾಕ್ಟರು ಕೋಟು ತಂದರು. "ಪಾರ್ಕು ಹೇಗಿತ್ತು, ಬೋರಾಗ್ಲಿಲ್ವಾ?" ಅಂದರು. ಕ್ಯೂ ಉದ್ದ ಇತ್ತು ಅಂದೆ. ಕೋಟಿನ ಒಳಜೇಬಿನಲ್ಲಿ ಹೂವಿನ ಅಂಗಡಿಯ ರಸೀತಿ ಇತ್ತು. "ಜಗಳ ಬಗೆಹರೀತು ಅನ್ನಿ" ಅಂದೆ. ಡಾಕ್ಟರು ಕೆಂಪಾದರು. ಕೌಂಟರಿಗೆ ಒರಗಿ ಬಹಳ ಹೊತ್ತು ಮಾತಾಡಿ ಹೋದರು. ಆ ಹೊತ್ತಿಗೆ ಹಿಂದೆ ಒಂದು ಪ್ಯಾಂಟು ಕಾವು ಹೆಚ್ಚಾಗಿ ಹೊಳಪು ಬಂದು ಕೆಟ್ಟುಹೋಗಿತ್ತು, ಮೆಷಿನ್ ಆರಿಸುವುದು ಮರೆತಿದ್ದೆ.

ಏಪ್ರಿಲ್ ೨೮, ಸೋಮವಾರ

ಗೋಚಿ ಬಂದಿದ್ದಳು. ಒಂದು ವಾರ ಬಂದಿರಲಿಲ್ಲ. ಸ್ಟೂಲು ಹತ್ತಿ ಕೂತಳು. ಬಿದ್ದ ಹಲ್ಲಿನ ಜಾಗದಲ್ಲಿ ಹೊಸದರ ತುದಿ ಬಿಳಿಯಾಗಿ ಕಾಣುತ್ತಿದೆ.

ನಾನು ಡಾಕ್ಟರ ಕೋಟು ಹುಡುಕಲು ಕಂಬಿ ಓಡಿಸಿದೆ. ಬಟ್ಟೆಗಳು ಸುತ್ತಿ ಬಂದವು. ಹಸಿರು ಸ್ವೆಟರು ಬಂತು, ಹೋಯಿತು. ಇನ್ನೊಂದು ಸುತ್ತಿಗೆ ಮತ್ತೆ ಬಂತು.

"ತಾತ, ನಿಲ್ಸು" ಅಂದಳು.

ನಿಲ್ಲಿಸಿದೆ.

"ಅಜ್ಜೀನ ಸಾಕು ಕೆಳಗಿಳಿಸು."

ಇಳಿಸಿದೆ. ಕವರು ಹರಿದೆ. ಚುಚ್ಚಿದ್ದ ಚೀಟಿ ತೆಗೆಯಲು ಉಗುರು ಸಾಲಲಿಲ್ಲ, ಅವಳೇ ತೆಗೆದಳು, ಸಣ್ಣ ಬೆರಳು. ಕೌಂಟರಿನ ಮೇಲೆ ಹರಡಿ ಇಬ್ಬರೂ ತೋಳು ಒಳಗೆ ಮಡಿಸಿದೆವು. ಅವಳು ಬೆಂಕಿಪೊಟ್ಟಣ ತೆಗೆದು, ತೆರೆದು ಒಂದು ಸಲ ನೋಡಿ, ಮುಚ್ಚಿ, ಸ್ವೆಟರಿನ ಜೇಬಿನೊಳಗೆ ಇಟ್ಟಳು. ಮೇಲಿಂದ ಅಂಗೈಯಲ್ಲಿ ಒತ್ತಿದಳು.

ಜೇಬು ಖಾಲಿ ಮಾಡದೆ ಯಾವ ಬಟ್ಟೆಯನ್ನೂ ಎತ್ತಿಡಬಾರದು ಅನ್ನುವುದು ಇವಳ ರೂಲು. ಈ ಅಂಗಡಿಯಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ.

ಹಾಗೇ ಮಡಿಸಿ, ಮೆಷಿನ್ನಿನ ಕೆಳಗಿಂದ ಕೆಂಪು ಚೀಲ ತೆಗೆದು, ಅದರಲ್ಲಿಟ್ಟು ಮನೆಗೆ ತಂದೆ.